ವಕೀಲರಿಲ್ಲದೆ ಫೆಡರಲ್ ಕೋರ್ಟಿನಲ್ಲಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಅಮೆರಿಕದ ಫೆಡರಲ್ ಡಿಸ್ಟ್ರಿಕ್ಟ್ ಕೋರ್ಟುಗಳಲ್ಲಿ ಸಿವಿಲ್ ಕೇಸನ್ನು ಖುದ್ದಾಗಿ ನಡೆಸುತ್ತಿರುವ ಓದುಗರ ಪ್ರಶ್ನೆಗಳನ್ನು ಈ ಸಲ ಎತ್ತಿಕೊಂಡಿದ್ದೇವೆ. ಉತ್ತರಗಳೆಲ್ಲ ಇಡೀ ದೇಶಕ್ಕೆ ಅನ್ವಯಿಸುವ ಫೆಡರಲ್ ಸಿವಿಲ್ ಪ್ರಕ್ರಿಯಾ ನಿಯಮಗಳನ್ನು ಹಿಡಿದು ಬರೆದವು. ಇವುಗಳ ಮೇಲೆ ಪ್ರತಿ ಕೋರ್ಟಿಗೂ ಅದರದೇ ಸ್ಥಳೀಯ ನಿಯಮಗಳಿವೆ, ಹೆಚ್ಚಿನ ನ್ಯಾಯಾಧೀಶರಿಗೆ ತಮ್ಮದೇ ಸ್ಥಾಯೀ ಆದೇಶಗಳೂ ಇರುತ್ತವೆ. ಈ ನಿಯಮ, ಆದೇಶಗಳೆರಡೂ ಆಯಾ ಕೋರ್ಟಿನ ವೆಬ್‌ಸೈಟಿನಲ್ಲಿ ಸಿಗುತ್ತವೆ. ಕೇಸಿನ ನಂಬರ್ ಸಿಕ್ಕ ದಿನವೇ ಅವನ್ನು ಇಳಿಸಿಕೊಂಡು ಓದಿ.

ಪ್ರಶ್ನೆ: 2026ರ ಜನವರಿ 24, ಶನಿವಾರ ಒಬ್ಬರು ಮನೆ ಬಾಗಿಲಿಗೆ ಬಂದು ಸಮನ್ಸ್ ಮತ್ತು ವಾದಪತ್ರ ಕೈಗಿಟ್ಟು ಹೋದರು. 21 ದಿನದೊಳಗೆ ಉತ್ತರಿಸಬೇಕು ಎಂದಿದೆ. ಇದು ಕೆಲಸದ ದಿನಗಳ ಲೆಕ್ಕವೇ? ನಡೆದದ್ದನ್ನೆಲ್ಲ ವಿವರಿಸಿ ನ್ಯಾಯಾಧೀಶರಿಗೆ ಒಂದು ಪತ್ರ ಬರೆದರೆ ಸಾಕೇ?
(ಓದುಗರು, ಎಡಿಸನ್, ನ್ಯೂಜೆರ್ಸಿ)

ಉತ್ತರ: ಕೆಲಸದ ದಿನಗಳ ಲೆಕ್ಕವಲ್ಲ. 6ನೇ ನಿಯಮದಂತೆ ಸಮನ್ಸ್ ಕೈಗೆ ಬಂದ ದಿನವನ್ನು ಬಿಟ್ಟು ಮರುದಿನದಿಂದ ಎಣಿಸಬೇಕು. ನಡುವೆ ಬರುವ ಶನಿವಾರ, ಭಾನುವಾರ, ರಜೆ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಕೊನೆಯ ದಿನವೇ ಶನಿವಾರ, ಭಾನುವಾರ ಅಥವಾ ರಜೆಯ ಮೇಲೆ ಬಿದ್ದರೆ ಮಾತ್ರ ಗಡುವು ಮುಂದಿನ ಕೆಲಸದ ದಿನಕ್ಕೆ ಜರುಗುತ್ತದೆ. ನಿಮ್ಮ 21ನೇ ದಿನ ಫೆಬ್ರವರಿ 14, ಶನಿವಾರ. ಭಾನುವಾರ ಕಳೆದು ಸೋಮವಾರಕ್ಕೆ ಬಂದರೆ ಫೆಬ್ರವರಿ 16 ವಾಷಿಂಗ್ಟನ್ ಜನ್ಮದಿನದ ಫೆಡರಲ್ ರಜೆ. ಹಾಗಾಗಿ ನಿಮ್ಮ ಗಡುವು ಮಂಗಳವಾರ, ಫೆಬ್ರವರಿ 17.

ಆ ದಿನ ಉತ್ತರವನ್ನು ಅಂಚೆಗೆ ಹಾಕಿದರೆ ಸಾಲದು. ಖುದ್ದಾಗಿ ವಾದಿಸುವವರು ತಪ್ಪುವುದು ಹೆಚ್ಚಾಗಿ ಇಲ್ಲಿಯೇ. ಎದುರು ಪಕ್ಷಕ್ಕೆ ಪ್ರತಿ ಕಳಿಸುವ ಮಟ್ಟಿಗೆ ಅಂಚೆಗೆ ಹಾಕಿದ ಕ್ಷಣವೇ ಕೆಲಸ ಮುಗಿಯಿತು. ಆದರೆ ಕೋರ್ಟಿನಲ್ಲಿ ದಾಖಲಾಗಬೇಕಾದರೆ ಕಾಗದ ಗುಮಾಸ್ತರ ಕಚೇರಿ ಮುಟ್ಟಿರಬೇಕು. ಫೆಬ್ರವರಿ 17ರಂದು ಪೋಸ್ಟ್ ಮಾಡಿ 19ಕ್ಕೆ ತಲುಪಿದ ಉತ್ತರ ಎರಡು ದಿನ ತಡವಾದ ಉತ್ತರ. ಕೌಂಟರಿನಲ್ಲಿ ಕೊಡುವುದಾದರೆ ಕಚೇರಿ ಮುಚ್ಚುವ ವೇಳೆಯೊಳಗೆ ಹೋಗಿ. ಆನ್‌ಲೈನ್ ಸಲ್ಲಿಕೆಗೆ ಆ ದಿನದ ಮಧ್ಯರಾತ್ರಿಯವರೆಗೆ ಸಮಯವಿದೆ, ಆದರೆ ವಕೀಲರಿಲ್ಲದವರಿಗೆ ಅದು ತಾನಾಗಿ ಸಿಗುವ ಸೌಲಭ್ಯವಲ್ಲ. ಸ್ಥಳೀಯ ನಿಯಮವೋ ಕೋರ್ಟಿನ ಆದೇಶವೋ ಅನುಮತಿ ಕೊಟ್ಟಿರಬೇಕು.

ಇನ್ನು ಪತ್ರದ ವಿಚಾರ. ಪತ್ರ ಉತ್ತರವಾಗುವುದಿಲ್ಲ. 8ನೇ ನಿಯಮ ಕೇಳುವುದು ಪ್ಯಾರಾ ಪ್ಯಾರಾ ಉತ್ತರವನ್ನು. ವಾದಪತ್ರದ ಪ್ರತಿ ಪ್ಯಾರಾಗೂ ಅದೇ ನಂಬರ್ ಹಾಕಿ, ಮೂರರಲ್ಲಿ ಒಂದನ್ನು ಹೇಳಬೇಕು: ಒಪ್ಪುತ್ತೇನೆ, ಅಲ್ಲಗಳೆಯುತ್ತೇನೆ, ಒಪ್ಪಲು ಅಥವಾ ಅಲ್ಲಗಳೆಯಲು ಬೇಕಾದಷ್ಟು ಮಾಹಿತಿ ನನ್ನಲ್ಲಿಲ್ಲ. ಒಂದು ಪ್ಯಾರಾದ ಅರ್ಧ ನಿಜ, ಅರ್ಧ ಸುಳ್ಳು ಇದ್ದರೆ ಅದನ್ನು ಸೀಳಿ ಉತ್ತರಿಸಿ. ಉದಾಹರಣೆಗೆ 14ನೇ ಪ್ಯಾರಾದಲ್ಲಿ ‘ಪ್ರತಿವಾದಿ 2023ರ ಮೇ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಆಮೇಲೆ ಬೇಕೆಂದೇ ಅದನ್ನು ಮುರಿದರು’ ಎಂದಿದ್ದರೆ, ನಿಮ್ಮ 14ನೇ ಪ್ಯಾರಾ ಹೀಗಿರಬೇಕು: ‘2023ರ ಮೇ ತಿಂಗಳಲ್ಲಿ ಸಹಿ ಹಾಕಿದ್ದನ್ನು ಒಪ್ಪುತ್ತೇನೆ. ಈ ಪ್ಯಾರಾದ ಉಳಿದ ಎಲ್ಲ ಆರೋಪಗಳನ್ನು ಅಲ್ಲಗಳೆಯುತ್ತೇನೆ.’ ಸುಮ್ಮನೆ ಬಿಟ್ಟ ಆರೋಪವನ್ನು ನೀವು ಒಪ್ಪಿದಂತೆಯೇ ಕೋರ್ಟು ತಿಳಿಯುತ್ತದೆ. ಪರಿಹಾರದ ಮೊತ್ತ ಎಷ್ಟು ಎಂಬುದು ಮಾತ್ರ ಇದಕ್ಕೆ ಹೊರತು.

ಕಾಲಮಿತಿ ಮೀರಿದೆ, ಹಣ ಆಗಲೇ ಕೊಟ್ಟಾಗಿದೆ, ವಿವಾದ ಹಿಂದೆಯೇ ರಾಜಿಯಾಗಿದೆ ಎಂಬಂಥ ಪ್ರತಿರಕ್ಷೆಗಳನ್ನು ಇದೇ ಉತ್ತರದಲ್ಲಿ ಬೇರೆ ಶೀರ್ಷಿಕೆಯಡಿ ಬರೆಯಬೇಕು. ಅದೇ ವ್ಯವಹಾರದಿಂದ ಹುಟ್ಟಿದ ನಿಮ್ಮ ಎದುರು ಹಕ್ಕೊತ್ತಾಯ ಏನಾದರೂ ಇದ್ದರೆ ಅದೂ ಇಲ್ಲಿಯೇ ಬರಬೇಕು, ಮುಂದೆ ಬೇರೆ ದಾವೆ ಹೂಡುತ್ತೇನೆಂದರೆ ಬಾಗಿಲು ಮುಚ್ಚಿರುತ್ತದೆ. ಸಮನ್ಸ್ ಜಾರಿ ಸರಿಯಾಗಿಲ್ಲ, ಈ ಕೋರ್ಟಿಗೆ ನನ್ನ ಮೇಲೆ ಅಧಿಕಾರವಿಲ್ಲ, ದಾವೆ ಹೂಡಿದ ಜಿಲ್ಲೆಯೇ ತಪ್ಪು ಎಂಬ ತಕರಾರುಗಳು ಇನ್ನೂ ಸೂಕ್ಷ್ಮ. ಇವನ್ನು ಮೊದಲ ಉತ್ತರದಲ್ಲೋ, ಉತ್ತರಕ್ಕೂ ಮೊದಲು ಹಾಕುವ 12ನೇ ನಿಯಮದ ಅರ್ಜಿಯಲ್ಲೋ ಎತ್ತದಿದ್ದರೆ ಕೈಬಿಟ್ಟಂತೆ.

ಸಮಯ ಸಾಲದು ಅನಿಸಿದರೆ ಗಡುವಿಗೆ ಮೊದಲೇ ಸಮಯ ವಿಸ್ತರಣೆಯ ಅರ್ಜಿ ಹಾಕಿ. ಮೊದಲೇ ಕೇಳಿದರೆ ಸಕಾರಣ ತೋರಿಸಿದರೆ ಸಾಕು. ಗಡುವು ಮುಗಿದ ಮೇಲೆ ಕೇಳಿದರೆ ತಡವಾದದ್ದು ಕ್ಷಮಿಸಬಹುದಾದ ಅಲಕ್ಷ್ಯ ಎಂದು ತೋರಿಸಬೇಕು, ಅದು ಬಹಳ ಕಷ್ಟ. ಎದುರು ವಕೀಲರಿಗೆ ಮೊದಲು ಇಮೇಲ್ ಮಾಡಿ ಅವರ ಒಪ್ಪಿಗೆ ಕೇಳಿ, ಸಿಕ್ಕಿದರೆ ಅದನ್ನು ಅರ್ಜಿಯಲ್ಲಿ ಬರೆಯಿರಿ. ಏನೂ ಮಾಡದೆ ಕೂತರೆ 55ನೇ ನಿಯಮದಡಿ ಗುಮಾಸ್ತರು ನೀವು ತಪ್ಪಿದ್ದೀರಿ ಎಂದು ದಾಖಲಿಸುತ್ತಾರೆ, ಆಮೇಲೆ ಏಕಪಕ್ಷೀಯ ತೀರ್ಪು. ಬರೀ ದಾಖಲೆಯ ಹಂತದಲ್ಲಿದ್ದಾಗ ರದ್ದು ಮಾಡಿಸುವುದು ಸುಲಭ, ತೀರ್ಪಾದ ಮೇಲೆ ಕಠಿಣ. ಆದ್ದರಿಂದ ಗೊತ್ತಾದ ದಿನವೇ ಅರ್ಜಿ ಹಾಕಿ.

ಪ್ರಶ್ನೆ: ಗ್ರೀನ್ ಕಾರ್ಡ್ ಅರ್ಜಿ ವರ್ಷಗಟ್ಟಲೆ ಕೊಳೆಯುತ್ತಿದೆ. ತೀರ್ಮಾನ ಮಾಡುವಂತೆ ವಲಸೆ ಅರ್ಜಿಗಳನ್ನು ನೋಡುವ ಫೆಡರಲ್ ಇಲಾಖೆ ಯುಎಸ್‌ಸಿಐಎಸ್ ಮೇಲೆ ಮ್ಯಾಂಡಮಸ್ ದಾವೆ ಹೂಡಿದ್ದೇನೆ. ಸಮನ್ಸ್ ಮತ್ತು ವಾದಪತ್ರವನ್ನು ನಾನೇ ಸರ್ಟಿಫೈಡ್ ಮೇಲ್‌ನಲ್ಲಿ ಆ ಇಲಾಖೆಗೆ ಕಳಿಸಿದೆ. 70 ದಿನ ಕಳೆದರೂ ಸರ್ಕಾರದ ಪರ ಯಾರೂ ಹಾಜರಾಗಿಲ್ಲ. ಏಕಪಕ್ಷೀಯ ತೀರ್ಪು ಕೇಳಬಹುದೇ?
(ಓದುಗರು, ಫ್ರೀಮಾಂಟ್, ಕ್ಯಾಲಿಫೋರ್ನಿಯಾ)

ಉತ್ತರ: ತೀರ್ಪಿನ ಯೋಚನೆ ಪಕ್ಕಕ್ಕಿಡಿ, ನಿಮ್ಮ ಸಮನ್ಸ್ ನಿಯಮದಂತೆ ಜಾರಿಯೇ ಆಗಿಲ್ಲ. ಉಳಿದಿರುವ, ಹೆಚ್ಚೆಂದರೆ 20 ದಿನಗಳಲ್ಲಿ ಅದನ್ನು ಸರಿಪಡಿಸಿಕೊಳ್ಳಬೇಕು. 4ನೇ ನಿಯಮದ ಪ್ರಕಾರ ವಾದಪತ್ರ ದಾಖಲಾದ 90 ದಿನದೊಳಗೆ ಜಾರಿ ಮುಗಿಯಬೇಕು.

ಎರಡು ತಪ್ಪುಗಳಾಗಿವೆ. ಮೊದಲನೆಯದು, ಜಾರಿ ಮಾಡುವವರಿಗೆ 18 ವರ್ಷ ತುಂಬಿರಬೇಕು ಮತ್ತು ಅವರು ಕೇಸಿನ ಪಕ್ಷಗಾರರಾಗಿರಬಾರದು. ಅಂಚೆಯಲ್ಲಿ ಕಳಿಸುವುದಕ್ಕೂ ಈ ನಿಯಮವನ್ನೇ ಹಚ್ಚುವ ಕೋರ್ಟುಗಳಿವೆ. ಆದ್ದರಿಂದ ಲಕೋಟೆಯನ್ನು ಅಂಚೆ ಕಚೇರಿಗೆ ಒಯ್ದು ಕೊಡುವ ಕೆಲಸವನ್ನು ಸ್ನೇಹಿತರಿಗೆ ಒಪ್ಪಿಸಿ, ಜಾರಿ ಮಾಡಿದ್ದಕ್ಕೆ ಕೊಡುವ ಪ್ರಮಾಣಪತ್ರಕ್ಕೂ ಅವರೇ ಸಹಿ ಹಾಕಲಿ. ಸಂಗಾತಿ ಅಥವಾ ಮಕ್ಕಳ ಹೆಸರೂ ವಾದಿಗಳ ಪಟ್ಟಿಯಲ್ಲಿದ್ದರೆ ಅವರೂ ಬೇಡ.

ಎರಡನೆಯದು, ಇಲಾಖೆಯ ಮೇಲಿನ ದಾವೆ ಎಂದರೆ ಅಮೆರಿಕ ಸರ್ಕಾರದ ಮೇಲಿನ ದಾವೆ. ಕಾಗದ ಮೂರು ಕಡೆ ಮುಟ್ಟಬೇಕು. ಒಂದು, ದಾವೆ ಹೂಡಿದ ಜಿಲ್ಲೆಯ ಯು.ಎಸ್. ಅಟಾರ್ನಿ, ಅಂದರೆ ಅಲ್ಲಿನ ಫೆಡರಲ್ ಸರ್ಕಾರಿ ವಕೀಲರ ಕಚೇರಿ. ಕೈಯಲ್ಲಿ ಕೊಡಬಹುದು, ರಿಜಿಸ್ಟರ್ಡ್ ಅಥವಾ ಸರ್ಟಿಫೈಡ್ ಅಂಚೆಯಲ್ಲಾದರೆ ‘ಸಿವಿಲ್ ಪ್ರೊಸೆಸ್ ಕ್ಲರ್ಕ್’ ಎಂದು ವಿಳಾಸ ಬರೆಯಬೇಕು. ಎರಡು, ವಾಷಿಂಗ್ಟನ್ ಡಿ.ಸಿ.ಯಲ್ಲಿರುವ ಅಟಾರ್ನಿ ಜನರಲ್, ರಿಜಿಸ್ಟರ್ಡ್ ಅಥವಾ ಸರ್ಟಿಫೈಡ್ ಅಂಚೆಯಲ್ಲಿ. ಮೂರು, ನೀವು ಪ್ರತಿವಾದಿ ಎಂದು ಹೆಸರಿಸಿದ ಇಲಾಖೆ ಮತ್ತು ಅಧಿಕಾರಿಗಳು, ಅದೇ ಬಗೆಯ ಅಂಚೆಯಲ್ಲಿ. ಪ್ರತಿ ಲಕೋಟೆಯಲ್ಲಿ ಸಮನ್ಸ್ ಮತ್ತು ಇಡೀ ವಾದಪತ್ರ ಎರಡೂ ಇರಬೇಕು. ಸಮನ್ಸ್‌ಗೆ ಗುಮಾಸ್ತರ ಸಹಿ ಮತ್ತು ಕೋರ್ಟಿನ ಮೊಹರು ಬಿದ್ದಿದೆಯೇ ನೋಡಿಕೊಳ್ಳಿ, ಮೊಹರಿಲ್ಲದ ಸಮನ್ಸ್ ಬರೀ ಕಾಗದ. ಯಾರಿಗೆ, ಯಾವ ದಿನ, ಯಾವ ಟ್ರ್ಯಾಕಿಂಗ್ ನಂಬರಿನಲ್ಲಿ ಕಳಿಸಿದ್ದು ಎಂದು ಬರೆದ ಪ್ರಮಾಣಪತ್ರವನ್ನು ರಸೀದಿಗಳ ಸಮೇತ ಕೋರ್ಟಿಗೆ ಸಲ್ಲಿಸಿ.

ಸರ್ಕಾರಕ್ಕೆ ಉತ್ತರಿಸಲು 60 ದಿನ. ಅದು ಯು.ಎಸ್. ಅಟಾರ್ನಿ ಕಚೇರಿಗೆ ಜಾರಿಯಾದ ದಿನದಿಂದ ಓಡುತ್ತದೆ, ಇಲಾಖೆಗೆ ಮುಟ್ಟಿದ ದಿನದಿಂದಲ್ಲ. ನಿಮ್ಮ ಲಕೋಟೆ ಅಲ್ಲಿಗೆ ಹೋಗಿಲ್ಲವಾದ್ದರಿಂದ ಗಡಿಯಾರ ಇನ್ನೂ ಶುರುವೇ ಆಗಿಲ್ಲ. ಆ 60 ದಿನ ಮೀರಿದರೂ ಸರ್ಕಾರದ ವಿರುದ್ಧ ಏಕಪಕ್ಷೀಯ ತೀರ್ಪು ಸುಮ್ಮನೆ ಸಿಗದು. ನಿಮ್ಮ ಹಕ್ಕನ್ನು ಕೋರ್ಟಿಗೆ ತೃಪ್ತಿಯಾಗುವಂತೆ ಸಾಕ್ಷ್ಯದಿಂದ ತೋರಿಸಬೇಕು. 90 ದಿನದೊಳಗೆ ಜಾರಿ ಮುಗಿಯದು ಎನಿಸಿದರೆ, ಅಷ್ಟರೊಳಗೇ ಅವಧಿ ವಿಸ್ತರಣೆ ಕೇಳಿ.

ಎದುರಾಳಿ ಖಾಸಗಿ ವ್ಯಕ್ತಿ ಅಥವಾ ಕಂಪನಿಯಾಗಿದ್ದರೆ ಹಗುರವಾದ ದಾರಿಯೊಂದಿದೆ. ಜಾರಿ ಬೇಡ ಎಂದು ಒಪ್ಪಿ ಸಹಿ ಹಾಕಲು ಕೇಳುವ ನಮೂನೆಯ ಎರಡು ಪ್ರತಿ, ವಾದಪತ್ರ, ವಾಪಸ್ ಕಳಿಸಲು ಅಂಚೆಚೀಟಿ ಹಚ್ಚಿದ ಲಕೋಟೆ ಕಳಿಸಬೇಕು. ಇದನ್ನು ನೀವೇ ಕಳಿಸಬಹುದು. ಸಹಿ ಹಾಕಲು ಕನಿಷ್ಠ 30 ದಿನ ಕೊಡಬೇಕು. ಒಪ್ಪಿದವರಿಗೆ ಉತ್ತರಿಸಲು 21ರ ಬದಲು, ನೀವು ಕೋರಿಕೆ ಕಳಿಸಿದ ದಿನದಿಂದ 60 ದಿನ ಸಿಗುತ್ತದೆ. ಸರ್ಕಾರಕ್ಕೆ ಈ ದಾರಿ ಅನ್ವಯಿಸುವುದಿಲ್ಲ.

ಪ್ರಶ್ನೆ: ಕೆಲಸದಲ್ಲಿ ತಾರತಮ್ಯದ ಬಗ್ಗೆ ಇಇಒಸಿ ಎಂಬ ಫೆಡರಲ್ ಆಯೋಗಕ್ಕೆ ದೂರು ಕೊಟ್ಟಿದ್ದೆ. ದಾವೆ ಹೂಡಬಹುದೆಂಬ ಪತ್ರ ಬಂದಿದೆ. ಕೆಲಸವಿಲ್ಲ, ಕೋರ್ಟಿನ ಶುಲ್ಕ ಕಟ್ಟುವುದು ಕಷ್ಟ. ಹಣ ಹೊಂದಿಸಿಕೊಂಡು ಹೂಡಲೇ?
(ಓದುಗರು, ಟ್ರಾಯ್, ಮಿಷಿಗನ್)

ಉತ್ತರ: ಕಾಯಬೇಡಿ. ಪತ್ರ ಕೈಸೇರಿದ 90 ದಿನದೊಳಗೆ ದಾವೆ ದಾಖಲಾಗಬೇಕು. ಶುಲ್ಕ 405 ಡಾಲರ್: ಕಾನೂನು ಗೊತ್ತುಪಡಿಸಿದ 350, ಆಡಳಿತ ಶುಲ್ಕ 55. ಕಟ್ಟಲಾಗದವರು ಆದಾಯ, ಖರ್ಚು, ಸಾಲ, ಬ್ಯಾಂಕಿನಲ್ಲಿರುವ ಹಣ ಎಲ್ಲವನ್ನೂ ತುಂಬಿದ ವಿನಾಯಿತಿ ಅರ್ಜಿಯನ್ನು ವಾದಪತ್ರದ ಜೊತೆಗೇ ಸಲ್ಲಿಸಬಹುದು. ಅದು ಪ್ರಮಾಣ ಮಾಡಿ ಸಹಿ ಹಾಕುವ ಅರ್ಜಿ, ಯಾವ ಖಾತೆಯನ್ನೂ ಮುಚ್ಚಿಡಬೇಡಿ. ಮಂಜೂರಾದರೆ ಸಮನ್ಸ್ ಜಾರಿಯ ಕೆಲಸವನ್ನೂ ಫೆಡರಲ್ ಅಧಿಕಾರಿಯಾದ ಯು.ಎಸ್. ಮಾರ್ಷಲ್ ಕಡೆಯಿಂದ ಮಾಡಿಸಬಹುದು. ಪ್ರತಿವಾದಿಯ ಸರಿಯಾದ ವಿಳಾಸ ಕೊಡುವ ಹೊಣೆ ಮಾತ್ರ ನಿಮ್ಮದೇ. ವಿನಾಯಿತಿಯ ಜೊತೆಗೆ ಒಂದು ಪರೀಕ್ಷೆಯೂ ಬರುತ್ತದೆ: ವಾದಪತ್ರದಲ್ಲಿ ಹುರುಳಿಲ್ಲ ಎನಿಸಿದರೆ ಎದುರು ಪಕ್ಷ ಬಾಯಿ ತೆರೆಯುವ ಮೊದಲೇ ಕೋರ್ಟು ಅದನ್ನು ವಜಾ ಮಾಡಬಹುದು.

ಆದ್ದರಿಂದ ವಾದಪತ್ರದ ಮೇಲೆ ಶ್ರಮ ಹಾಕಿ. ಈ ಕೋರ್ಟಿಗೆ ಅಧಿಕಾರ ಹೇಗೆ ಬಂತು, ಏನು ನಡೆಯಿತು, ಏನು ಪರಿಹಾರ ಬೇಕು, ಇಷ್ಟೇ ಬೇಕಾದದ್ದು. ನಿಮ್ಮ ಕೇಸು ಫೆಡರಲ್ ಕಾನೂನಿನ ಮೇಲೆ ನಿಂತಿರುವುದರಿಂದ ಅಧಿಕಾರದ ಮಾತು ಸರಳ. ನಂಬರ್ ಹಾಕಿದ ಸಣ್ಣ ಪ್ಯಾರಾಗಳಲ್ಲಿ ಯಾರು, ಯಾವ ದಿನ, ಏನು ಮಾಡಿದರು ಎಂದು ಬರೆಯಿರಿ. ‘ನನ್ನನ್ನು ಕೀಳಾಗಿ ಕಂಡರು’ ಎಂಬ ವಾಕ್ಯದಿಂದ ಕೋರ್ಟಿಗೆ ಏನೂ ತಿಳಿಯುವುದಿಲ್ಲ. ಯಾವ ಮೇಲಧಿಕಾರಿ, ಯಾವ ಸಭೆಯಲ್ಲಿ, ಯಾರೆದುರು ಯಾವ ಮಾತು ಆಡಿದರು, ಅದೇ ಕೆಲಸಕ್ಕೆ ಯಾರನ್ನು ತೆಗೆದುಕೊಂಡರು ಎಂದು ಬರೆದರೆ ತಿಳಿಯುತ್ತದೆ. ಲಗತ್ತಿಸುವ ದಾಖಲೆಗಳಲ್ಲಿ ಸೋಷಿಯಲ್ ಸೆಕ್ಯುರಿಟಿ ಮತ್ತು ಬ್ಯಾಂಕ್ ಖಾತೆಯ ಕೊನೆಯ ನಾಲ್ಕು ಅಂಕಿ, ಹುಟ್ಟಿದ ಇಸವಿ, ಚಿಕ್ಕ ಮಕ್ಕಳ ಹೆಸರಿನ ಮೊದಲಕ್ಷರಗಳು ಮಾತ್ರ ಉಳಿಯುವಂತೆ ಮಿಕ್ಕದ್ದನ್ನು ಕಪ್ಪು ಮಾಡಿ. ಇದನ್ನು ಗುಮಾಸ್ತರು ನಿಮಗಾಗಿ ಮಾಡುವುದಿಲ್ಲ. ತೀರ್ಪುಗಾರರ ಮಂಡಳಿ, ಅಂದರೆ ಜ್ಯೂರಿ ಬೇಕಿದ್ದರೆ ವಾದಪತ್ರದಲ್ಲೇ ಕೇಳಿಬಿಡಿ.

ಪ್ರಶ್ನೆ: ನನ್ನ ಎಲ್‌ಎಲ್‌ಸಿ (ಸೀಮಿತ ಹೊಣೆಯ ಕಂಪನಿ) ಮೇಲೆ ದಾವೆಯಾಗಿದೆ. ಒಬ್ಬನೇ ಮಾಲೀಕ. ನಾನೇ ವಾದಿಸಬಹುದೇ? ಅಪ್ಪನ ಇನ್ನೊಂದು ಕೇಸಿನಲ್ಲಿ ಪವರ್ ಆಫ್ ಅಟಾರ್ನಿ ನನ್ನ ಹೆಸರಿಗಿದೆ, ಅದನ್ನು?
(ಓದುಗರು, ಪ್ಲೇನೋ, ಟೆಕ್ಸಸ್)

ಉತ್ತರ: ಎರಡೂ ಆಗದು. ಯು.ಎಸ್. ಕೋಡ್‌ನ 28ನೇ ಭಾಗದ 1654ನೇ ಕಲಂ ಕೊಡುವುದು ತನ್ನ ಕೇಸನ್ನು ತಾನು ನಡೆಸುವ ಹಕ್ಕನ್ನು. ಕಂಪನಿಗೆ, ಎಲ್‌ಎಲ್‌ಸಿಗೆ ವಕೀಲರೇ ಬೇಕು, ಮಾಲೀಕರು ಒಬ್ಬರೇ ಇದ್ದರೂ ಸರಿ. ಪವರ್ ಆಫ್ ಅಟಾರ್ನಿಯಿಂದ ಅಪ್ಪನ ವ್ಯವಹಾರ ನೋಡಿಕೊಳ್ಳಬಹುದು, ಅವರ ಪರ ಕೋರ್ಟಿನಲ್ಲಿ ನಿಲ್ಲುವಂತಿಲ್ಲ, ಅವರ ಕಾಗದಗಳಿಗೆ ಸಹಿ ಹಾಕುವಂತಿಲ್ಲ. ಎಲ್‌ಎಲ್‌ಸಿಗೆ ಇಂದೇ ವಕೀಲರನ್ನು ಹುಡುಕಿ, 21 ದಿನದ ಲೆಕ್ಕ ಅದಕ್ಕೂ ಓಡುತ್ತಿದೆ.

ಪ್ರಶ್ನೆ: ಎದುರು ವಕೀಲರಿಂದ ‘ಇವನ್ನು ಒಪ್ಪಿಕೊಳ್ಳಿ’ ಎಂಬ 22 ವಾಕ್ಯಗಳ ಪಟ್ಟಿ ಬಂದಿದೆ. ಕೋರ್ಟಿನ ಮೊಹರಿಲ್ಲ, ಕೇಸಿನಲ್ಲಿ ಸಲ್ಲಿಕೆಯಾದ ಕಾಗದಗಳ ಪಟ್ಟಿಯಾದ ಡಾಕೆಟ್‌ನಲ್ಲೂ ಕಾಣಿಸುತ್ತಿಲ್ಲ. ಉತ್ತರಿಸಲೇಬೇಕೇ?
(ಓದುಗರು, ಕ್ಯಾರಿ, ನಾರ್ತ್ ಕ್ಯಾರೊಲಿನಾ)

ಉತ್ತರ: ಉತ್ತರಿಸಲೇಬೇಕು. ಕೇಸು ಸೋಲಲು ಈ ಪಟ್ಟಿಯೊಂದೇ ಸಾಕು. ಸಾಕ್ಷ್ಯ ಶೋಧನೆಯ ಹಂತದ ಕಾಗದಗಳು ಪಕ್ಷಗಳ ನಡುವೆಯೇ ಓಡಾಡುತ್ತವೆ, ಕೇಸಿನಲ್ಲಿ ಬಳಸುವವರೆಗೆ ಕೋರ್ಟಿಗೆ ಸಲ್ಲಿಸಲೇಬಾರದು. ಡಾಕೆಟ್‌ನಲ್ಲಿ ಕಾಣದಿರುವುದು ಅದಕ್ಕೇ. 36ನೇ ನಿಯಮದಂತೆ 30 ದಿನದೊಳಗೆ ಲಿಖಿತ ಉತ್ತರ ಹೋಗದಿದ್ದರೆ 22 ವಾಕ್ಯಗಳೂ ಒಪ್ಪಿಗೆಯಾದವು, ಯಾರೂ ಆದೇಶ ಮಾಡಬೇಕಾಗಿಲ್ಲ. ಹಾಗೆ ಒಪ್ಪಿದ್ದನ್ನು ಹಿಂಪಡೆಯಲು ಕೋರ್ಟಿಗೆ ಅರ್ಜಿ ಹಾಕಬೇಕು. ಅಷ್ಟರಲ್ಲಿ ಎದುರು ಪಕ್ಷದವರು ಆ ಒಪ್ಪಿಗೆಗಳನ್ನೇ ಮುಂದಿಟ್ಟು ವಿಚಾರಣೆಯಿಲ್ಲದೆ ತೀರ್ಪು ಕೇಳಿರುತ್ತಾರೆ.

ಪಟ್ಟಿ ಅಂಚೆಯಲ್ಲಿ ಬಂದಿದ್ದರೆ 30ಕ್ಕೆ ಮೂರು ದಿನ ಸೇರುತ್ತದೆ, ಇಮೇಲ್‌ನಲ್ಲಾದರೆ ಸೇರದು. ಉತ್ತರದಲ್ಲಿ ಪ್ರತಿ ವಾಕ್ಯವನ್ನು ಎತ್ತಿ ಬರೆದು ಅದರ ಕೆಳಗೇ ಒಪ್ಪುತ್ತೇನೆ ಅಥವಾ ಅಲ್ಲಗಳೆಯುತ್ತೇನೆ ಎನ್ನಿ. ‘ಗೊತ್ತಿಲ್ಲ’ ಎನ್ನಬೇಕಾದರೆ, ತಕ್ಕಷ್ಟು ವಿಚಾರಿಸಿದರೂ ಮಾಹಿತಿ ಸಿಗಲಿಲ್ಲ ಎಂದು ಸೇರಿಸಬೇಕು, ನಿಜಕ್ಕೂ ವಿಚಾರಿಸಿರಬೇಕು. ಕೊನೆಗೆ ನಿಮ್ಮ ಸಹಿ, ಅದರ ಕೆಳಗೆ ‘ಈ ಉತ್ತರವನ್ನು ಇಂಥ ದಿನ, ಇಂಥ ವಿಳಾಸಕ್ಕೆ, ಅಂಚೆ ಮೂಲಕ ಕಳಿಸಿದ್ದೇನೆ’ ಎಂಬ ದೃಢೀಕರಣ. ಮೂಲದ ಒಂದು ಪ್ರತಿ ನಿಮ್ಮಲ್ಲಿರಲಿ.

ಇದೇ ಹಂತದ ಬೇರೆ ಹೊಣೆಗಳೂ ನಿಮ್ಮ ಮೇಲಿವೆ. 26ನೇ ನಿಯಮದಡಿ ಎದುರು ವಕೀಲರ ಜೊತೆ ಮಾತುಕತೆ ನಡೆಸಿ ಕೇಸಿನ ಯೋಜನೆ ರೂಪಿಸಬೇಕು. ಅದಾದ 14 ದಿನದೊಳಗೆ ಆ ಯೋಜನೆಯ ವರದಿ ಕೋರ್ಟಿಗೆ ಹೋಗಬೇಕು. ನಿಮ್ಮ ವಾದಕ್ಕೆ ಬಳಸಲಿರುವ ಸಾಕ್ಷಿಗಳ ಹೆಸರು, ದಾಖಲೆಗಳ ವಿವರ, ನಷ್ಟದ ಲೆಕ್ಕವನ್ನು ಅವರು ಕೇಳದಿದ್ದರೂ ಅವರಿಗೆ ಕೊಡಬೇಕು. ನಷ್ಟದ ಲೆಕ್ಕವನ್ನು ಮರೆಯುವವರು ಬಹಳ. ಕೊಡದ ಸಾಕ್ಷಿಯನ್ನು, ತೋರಿಸದ ದಾಖಲೆಯನ್ನು ಮುಂದೆ ಬಳಸಲು ಕೋರ್ಟು ಬಿಡದಿರಬಹುದು. ನಿಮ್ಮನ್ನು ಪ್ರಮಾಣ ಮಾಡಿಸಿ ಪ್ರಶ್ನಿಸುವ ಡಿಪೊಸಿಷನ್‌ಗೆ ನೋಟಿಸ್ ಬಂದರೆ ಹೋಗಲೇಬೇಕು, ಒಂದು ದಿನ, ಏಳು ಗಂಟೆಯ ಮಿತಿಯಿದೆ. ಇನ್ನು ವಾಟ್ಸ್‌ಆ್ಯಪ್: ಕೇಸು ಬರಬಹುದೆಂಬ ಸುಳಿವು ಸಿಕ್ಕ ದಿನದಿಂದ ಸಂಬಂಧಪಟ್ಟ ಸಂದೇಶ, ಇಮೇಲ್, ಫೋಟೊ ಅಳಿಸುವಂತಿಲ್ಲ. ತಾನಾಗಿ ಅಳಿಯುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ, ಫೋನ್ ಬದಲಿಸುವ ಮೊದಲು ಬ್ಯಾಕಪ್ ತೆಗೆದಿಡಿ. ನಿಮಗೆ ವಿರುದ್ಧವಾದ ಸಂದೇಶವನ್ನು ವಿವರಿಸಿ ಹೇಳಬಹುದು, ಬೇಕೆಂದೇ ಅಳಿಸಿದ್ದಕ್ಕೆ ವಿವರಣೆ ಸಿಗುವುದಿಲ್ಲ.

ಪ್ರಶ್ನೆ: ಎದುರು ಪಕ್ಷ ಸಮ್ಮರಿ ಜಜ್‌ಮೆಂಟ್, ಅಂದರೆ ವಿಚಾರಣೆಯಿಲ್ಲದೆ ತೀರ್ಪು ಕೇಳಿದೆ. ನಾನು ವಕೀಲನಲ್ಲ ಎಂದು ಕೋರ್ಟು ರಿಯಾಯಿತಿ ತೋರಿಸುತ್ತದಲ್ಲವೇ? ಎಐ ಸಹಾಯದಿಂದ ಉತ್ತರ ಬರೆಸುತ್ತಿದ್ದೇನೆ.
(ಓದುಗರು, ಅರೋರಾ, ಇಲಿನಾಯ್)

ಉತ್ತರ: ರಿಯಾಯಿತಿ ಇದೆ, ಆದರೆ ಅದರ ಗಡಿ ತಿಳಿದಿರಲಿ. ಖುದ್ದಾಗಿ ವಾದಿಸುವವರ ವಾದಪತ್ರವನ್ನು ವಕೀಲರ ಬರವಣಿಗೆಗೆ ಹಚ್ಚುವ ಒರೆಗಲ್ಲಿಗೆ ಹಚ್ಚಬಾರದೆಂದು ಸುಪ್ರೀಂ ಕೋರ್ಟು 1972ರ ಹೇನ್ಸ್ ಕೇಸಿನಲ್ಲಿ ಹೇಳಿತು. ವಕೀಲರಿಲ್ಲವೆಂಬ ಕಾರಣಕ್ಕೆ ಪ್ರಕ್ರಿಯಾ ನಿಯಮಗಳ ತಪ್ಪನ್ನು ಮನ್ನಿಸಬೇಕೆಂದು ತಾನು ಎಂದೂ ಸೂಚಿಸಿಲ್ಲ ಎಂದು 1993ರ ಮೆಕ್‌ನೀಲ್ ಕೇಸಿನಲ್ಲಿ ಅದೇ ಕೋರ್ಟು ಹೇಳಿತು. ನಿಮ್ಮ ಭಾಷೆ ಒರಟಾಗಿದ್ದರೆ ನ್ಯಾಯಾಧೀಶರು ತಾಳ್ಮೆಯಿಂದ ಅರ್ಥ ಹುಡುಕುತ್ತಾರೆ. ಇಲ್ಲದ ಸಾಕ್ಷ್ಯವನ್ನು ಅವರು ಹುಡುಕಿಕೊಡಲಾರರು.

56ನೇ ನಿಯಮದ ಅರ್ಜಿಗೆ ಉತ್ತರ ಎಂದರೆ ಸಾಕ್ಷ್ಯ. ಪ್ರಮಾಣವಿಲ್ಲದ ವಾದಪತ್ರದಲ್ಲಿ ಬರೆದ ಮಾತು ಸಾಕ್ಷ್ಯವಲ್ಲ. ನೀವು ಕಣ್ಣಾರೆ ಕಂಡದ್ದನ್ನು, ಕಿವಿಯಾರೆ ಕೇಳಿದ್ದನ್ನು ಹೇಳಿಕೆಯಾಗಿ ಬರೆದು, ಕೊನೆಯಲ್ಲಿ ‘ಸುಳ್ಳು ಹೇಳಿದರೆ ಶಿಕ್ಷೆಗೆ ಗುರಿಯಾಗುತ್ತೇನೆಂದು ಅರಿತು, ಮೇಲಿನದು ಸತ್ಯ ಮತ್ತು ಸರಿ ಎಂದು ಘೋಷಿಸುತ್ತೇನೆ’ ಎಂಬರ್ಥದ ಇಂಗ್ಲಿಷ್ ವಾಕ್ಯ, ದಿನಾಂಕ, ಸಹಿ ಹಾಕಿ. 28ನೇ ಭಾಗದ 1746ನೇ ಕಲಂನ ಪ್ರಕಾರ ಇದಕ್ಕೆ ನೋಟರಿ ಬೇಕಿಲ್ಲ. ದೇಶದ ಹೊರಗಿದ್ದು ಸಹಿ ಮಾಡುವುದಾದರೆ ‘ಅಮೆರಿಕದ ಕಾನೂನುಗಳ ಪ್ರಕಾರ’ ಎಂಬ ಮಾತನ್ನೂ ವಾಕ್ಯದಲ್ಲಿ ಸೇರಿಸಬೇಕು. ಎದುರು ಪಕ್ಷ ನಿರ್ವಿವಾದ ಎಂದು ಪಟ್ಟಿ ಮಾಡಿದ ಪ್ರತಿ ಸಂಗತಿಗೂ ನಂಬರ್ ಪ್ರಕಾರ ಉತ್ತರ ಕೊಟ್ಟು, ಯಾವ ದಾಖಲೆಯ ಯಾವ ಪುಟ ಅದನ್ನು ಅಲ್ಲಗಳೆಯುತ್ತದೆ ಎಂದು ತೋರಿಸಿ. ಕನ್ನಡದಲ್ಲಿರುವ ಸಂದೇಶ, ಪತ್ರಗಳಿಗೆ ಇಂಗ್ಲಿಷ್ ಅನುವಾದವೂ ಅನುವಾದಕರ ದೃಢೀಕರಣವೂ ಬೇಕು. ಉತ್ತರಕ್ಕೆ ಎಷ್ಟು ದಿನ, ಎಷ್ಟು ಪುಟ ಎಂಬುದು ಸ್ಥಳೀಯ ನಿಯಮದಲ್ಲಿರುತ್ತದೆ.

ಎಐ ವಿಚಾರಕ್ಕೆ: ಸಹಿ ನಿಮ್ಮದು, 11ನೇ ನಿಯಮದ ಹೊಣೆಯೂ ನಿಮ್ಮದು. 2023ರಲ್ಲಿ ನ್ಯೂಯಾರ್ಕ್‌ನ ಫೆಡರಲ್ ಕೋರ್ಟೊಂದು, ಚಾಟ್‌ಜಿಪಿಟಿ ಹುಟ್ಟಿಸಿದ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ್ದಕ್ಕೆ ವಕೀಲರಿಗೆ 5,000 ಡಾಲರ್ ದಂಡ ಹಾಕಿತು. ವಕೀಲರಲ್ಲದವರಿಗೂ ಅದೇ ನಿಯಮ. ನೀವೇ ತೆರೆದು ಓದದ ತೀರ್ಪನ್ನು ಉಲ್ಲೇಖಿಸಬೇಡಿ.

ಪ್ರಶ್ನೆ: ಮನೆ ಬದಲಿಸಿದೆ. ಕೋರ್ಟಿಗೆ ಫೋನ್ ಮಾಡಿ ಹೇಳಿದ್ದೆ. ಈಗ ನೋಡಿದರೆ ಕೇಸು ವಜಾ ಆಗಿದೆ.
(ಓದುಗರು, ಆಲ್ಫರೆಟಾ, ಜಾರ್ಜಿಯಾ)

ಉತ್ತರ: ಫೋನಿನಲ್ಲಿ ಹೇಳಿದ್ದು ದಾಖಲೆಗೆ ಸೇರುವುದಿಲ್ಲ. ಕೇಸಿನ ನಂಬರ್ ಹಾಕಿ, ವಿಳಾಸ ಬದಲಾವಣೆಯ ಸೂಚನೆ ಎಂದು ಶೀರ್ಷಿಕೆ ಕೊಟ್ಟ ಒಂದು ಪುಟದ ಕಾಗದ ಸಲ್ಲಿಸಿ, ಅದರ ಪ್ರತಿಯನ್ನು ಎದುರು ಪಕ್ಷಕ್ಕೆ ಕಳಿಸಬೇಕಿತ್ತು. ಎರಡು ಕೇಸುಗಳಿದ್ದರೆ ಎರಡರಲ್ಲೂ. ಕೋರ್ಟಿನ ಆದೇಶ ವಾಪಸ್ ಬಂದರೆ ಕೇಸು ನಡೆಸುವ ಮನಸ್ಸಿಲ್ಲವೆಂದು ತಿಳಿದು 41ನೇ ನಿಯಮದಡಿ ವಜಾ ಮಾಡುತ್ತಾರೆ, ಆದೇಶದಲ್ಲಿ ಬೇರೆ ಮಾತಿಲ್ಲದಿದ್ದರೆ ಅದು ಸೋತ ತೀರ್ಪಿಗೆ ಸಮ. ಪೇಸರ್ ಎಂಬ ಕೋರ್ಟಿನ ಆನ್‌ಲೈನ್ ವ್ಯವಸ್ಥೆಯಲ್ಲಿ ವಾರಕ್ಕೊಮ್ಮೆ ಡಾಕೆಟ್ ನೋಡುವ ರೂಢಿ ಇಟ್ಟುಕೊಂಡಿದ್ದರೆ ಇದು ತಪ್ಪುತ್ತಿತ್ತು. ಪುಟಕ್ಕೆ 10 ಸೆಂಟ್, ಮೂರು ತಿಂಗಳಿಗೆ 30 ಡಾಲರ್ ಮೀರದಿದ್ದರೆ ಶುಲ್ಕವೇ ಇಲ್ಲ.

ಈಗ ವಜಾ ಆದೇಶದ ದಿನಾಂಕ ನೋಡಿ. 28 ದಿನದೊಳಗಿದ್ದರೆ 59ನೇ ನಿಯಮದಡಿ ತೀರ್ಪು ಬದಲಿಸಲು ಅರ್ಜಿ ಹಾಕಬಹುದು. ಈ 28 ದಿನವನ್ನು ವಿಸ್ತರಿಸುವ ಅಧಿಕಾರ ನ್ಯಾಯಾಧೀಶರಿಗೂ ಇಲ್ಲ. ಅದು ದಾಟಿದ್ದರೆ 60ನೇ ನಿಯಮವಿದೆ: ತಪ್ಪು, ಕ್ಷಮಿಸಬಹುದಾದ ಅಲಕ್ಷ್ಯ ಎಂಬ ಕಾರಣಕ್ಕಾದರೆ ತಕ್ಕ ಸಮಯದೊಳಗೆ, ಹೆಚ್ಚೆಂದರೆ ಒಂದು ವರ್ಷದೊಳಗೆ. ಫೋನ್ ಮಾಡಿದ ದಿನಾಂಕ, ಮನೆ ಬದಲಿಸಿದ ಬಾಡಿಗೆ ಕರಾರು, ಅಂಚೆ ಇಲಾಖೆಗೆ ಕೊಟ್ಟ ವಿಳಾಸ ಬದಲಾವಣೆಯ ದೃಢೀಕರಣ ಎಲ್ಲವನ್ನೂ ಪ್ರಮಾಣದ ಹೇಳಿಕೆಗೆ ಲಗತ್ತಿಸಿ. ಮೇಲ್ಮನವಿಗೆ 30 ದಿನ, ಸರ್ಕಾರ ಪಕ್ಷಗಾರನಾಗಿದ್ದರೆ 60. ಮೇಲ್ಮನವಿಯ ಸೂಚನೆಯನ್ನು ಸಲ್ಲಿಸಬೇಕಾದದ್ದು ಮೇಲಿನ ಕೋರ್ಟಿನಲ್ಲಲ್ಲ, ತೀರ್ಪು ಕೊಟ್ಟ ಡಿಸ್ಟ್ರಿಕ್ಟ್ ಕೋರ್ಟಿನ ಗುಮಾಸ್ತರ ಕಚೇರಿಯಲ್ಲೇ. ಶುಲ್ಕ 605 ಡಾಲರ್.